ಮಕ್ಕಳ ಜೊತೆ ನಗರ ಪ್ರವಾಸ: ಹೋಟೆಲ್ಲೋ ಅಪಾರ್ಟ್‌ಮೆಂಟೋ, ಊರ ನಡುವೆಯೋ ಅಂಚಿನಲ್ಲೋ?

ಮೂರು ವರ್ಷದ ಮಗುವಿಗೆ ದಿನಕ್ಕೆ ಎಷ್ಟು ನಿದ್ದೆ ಬೇಕು? ಅಮೆರಿಕನ್ ಅಕಾಡೆಮಿ ಆಫ್ ಸ್ಲೀಪ್ ಮೆಡಿಸಿನ್ 2016ರಲ್ಲಿ ಕೊಟ್ಟ ಸಲಹೆಯ ಪ್ರಕಾರ, ಹಗಲಿನ ನಿದ್ದೆಯೂ ಸೇರಿ 10ರಿಂದ 13 ಗಂಟೆ. ಒಂದೆರಡು ವರ್ಷದ ಮಗುವಿಗೆ 11ರಿಂದ 14. ಇದಕ್ಕೆ ಸ್ನಾನ, ಬಟ್ಟೆ ಬದಲಿಸುವುದು, ಹಾಲು ಕುಡಿಸುವುದು, ಹಟ, ಸಮಾಧಾನ ಎಲ್ಲವನ್ನೂ ಸೇರಿಸಿದರೆ ಪ್ರವಾಸದ ಅರ್ಧಕ್ಕಿಂತ ಹೆಚ್ಚು ಹೊತ್ತು ನೀವು ಉಳಿದುಕೊಂಡ ಜಾಗದಲ್ಲೇ ಇರುತ್ತೀರಿ. ಇಬ್ಬರೇ ತಿರುಗಾಡುತ್ತಿದ್ದ ಕಾಲದಲ್ಲಿ ಕೋಣೆ ಅಂದರೆ ರಾತ್ರಿ ಬೆನ್ನು ಚಾಚುವ ಜಾಗ. ಹಾಸಿಗೆ ಶುಚಿಯಾಗಿದ್ದರೆ ಸಾಕಿತ್ತು. ಮಕ್ಕಳಾದ ಮೇಲೂ ಅದೇ ಅಳತೆಗೋಲು ಹಿಡಿದು ಹುಡುಕಿದರೆ ಲೆಕ್ಕ ತಪ್ಪುತ್ತದೆ.

ನಮಗೆ ತಪ್ಪಿತ್ತು. ಆಗ ದೊಡ್ಡವಳಿಗೆ ನಾಲ್ಕು ವರ್ಷ, ಚಿಕ್ಕವನಿಗೆ ಒಂದೂಕಾಲು. ಒಂದೇ ಕೋಣೆಯ ಹೋಟೆಲ್, ಐದು ರಾತ್ರಿ. ಎಂಟು ಗಂಟೆಗೆ ದೀಪ ಆರಿಸಿದರೆ ಮಾತ್ರ ಚಿಕ್ಕವನಿಗೆ ನಿದ್ದೆ ಹತ್ತುತ್ತಿತ್ತು, ಒಂದು ಮಾತು ಕೇಳಿಸಿದರೂ ಎದ್ದು ಕೂರುತ್ತಿದ್ದ. ಐದು ರಾತ್ರಿಯೂ ನಾವಿಬ್ಬರು ಬಚ್ಚಲುಮನೆಯ ನೆಲದ ಮೇಲೆ ಟವೆಲ್ ಹಾಸಿಕೊಂಡು ಪಿಸುಮಾತಿನಲ್ಲಿ ಮರುದಿನದ ಯೋಚನೆ ಮಾಡಿದೆವು. ಹೋಟೆಲ್ ಚೆನ್ನಾಗಿಯೇ ಇತ್ತು. ನಾವು ಆರಿಸಿದ್ದು ತಪ್ಪು ಬಗೆಯ ಜಾಗ.

ಅಂದಿನಿಂದ ಕೋಣೆ ಹುಡುಕುವಾಗ ಎರಡು ಹೊತ್ತನ್ನು ಕಣ್ಣ ಮುಂದೆ ತಂದುಕೊಳ್ಳುತ್ತೇನೆ. ಒಂದು, ಮಧ್ಯಾಹ್ನ ಒಂದೂವರೆ: ಮಗು ದಣಿದು ಅಳುತ್ತಿದೆ, ನಾವು ಊರಲ್ಲಿ ಎಲ್ಲೋ ಇದ್ದೇವೆ, ಹಾಸಿಗೆಗೆ ವಾಪಸ್ ಬರಲು ಎಷ್ಟು ಹೊತ್ತು? ಇನ್ನೊಂದು, ರಾತ್ರಿ ಎಂಟೂವರೆ: ಮಕ್ಕಳು ಮಲಗಿದ್ದಾರೆ, ನಾವು ಎಲ್ಲಿ ಕೂರುತ್ತೇವೆ? ಹತ್ತಿರ ಇರಬೇಕು, ನಡುವೆ ಮುಚ್ಚುವ ಒಂದು ಬಾಗಿಲು ಇರಬೇಕು. ಈಜುಕೊಳ, ಆಟದ ಕೋಣೆ, ಕಿಟಕಿಯ ನೋಟ ಎಲ್ಲ ಇವೆರಡರ ನಂತರ.

ಹೋಟೆಲ್: ‘ಫ್ಯಾಮಿಲಿ’ ಅನ್ನುವ ಪದವನ್ನು ಹಾಗೇ ನಂಬಬೇಡಿ

ಹೋಟೆಲಿನ ದೊಡ್ಡ ಅನುಕೂಲ ಮನುಷ್ಯರು. ರಾತ್ರಿ ಎರಡಕ್ಕೆ ಮಗು ವಾಂತಿ ಮಾಡಿಕೊಂಡರೆ ಹೊಸ ಹೊದಿಕೆ ತಂದು ಕೊಡಲು, ಡಾಕ್ಟರು ಎಲ್ಲಿ ಸಿಗುತ್ತಾರೆ ಎಂದು ಹೇಳಲು ರಿಸೆಪ್ಶನ್ನಿನಲ್ಲಿ ಒಬ್ಬರು ಇರುತ್ತಾರೆ. ಕೋಣೆ ಸಿಗುವ ಮುಂಚೆಯೂ, ಬಿಟ್ಟ ಮೇಲೂ ಸಾಮಾನು ಇಟ್ಟುಕೊಳ್ಳುತ್ತಾರೆ. ಬೆಳಿಗ್ಗೆ ತಿಂಡಿಗೆ ಊರು ಸುತ್ತಬೇಕಿಲ್ಲ. ಎರಡು ರಾತ್ರಿಯ ಪ್ರವಾಸಕ್ಕೆ ನಾನು ಈಗಲೂ ಹೋಟೆಲನ್ನೇ ಹಿಡಿಯುತ್ತೇನೆ. ಅಷ್ಟು ಕಡಿಮೆ ಹೊತ್ತಿಗೆ ಅಡುಗೆಮನೆ ಇದ್ದರೂ ಒಲೆ ಹಚ್ಚುವುದಿಲ್ಲ.

ಕಷ್ಟ ಇರುವುದು ಕೋಣೆಯ ಹೆಸರುಗಳಲ್ಲಿ. ‘ಫ್ಯಾಮಿಲಿ ರೂಮ್’ ಅಂದರೆ ಒಂದು ಕಡೆ ಎರಡು ಮಲಗುವ ಕೋಣೆ, ಇನ್ನೊಂದು ಕಡೆ ಅದೇ ಮಾಮೂಲಿ ಕೋಣೆಗೆ ತುರುಕಿದ ಒಂದು ಸೋಫಾ ಹಾಸಿಗೆ. ‘ಜೂನಿಯರ್ ಸೂಟ್’ ಕೇಳಲು ದೊಡ್ಡದಾಗಿದ್ದರೂ ಸಾಮಾನ್ಯವಾಗಿ ಕೂರುವ ಜಾಗ ಮತ್ತು ಮಲಗುವ ಜಾಗದ ನಡುವೆ ಬಾಗಿಲು ಇರುವುದಿಲ್ಲ. ಅರ್ಧ ಗೋಡೆಯೋ ಒಂದು ಪರದೆಯೋ ಇದ್ದರೆ ಹೆಚ್ಚು. ಬಾಗಿಲು ಬೇಕಿದ್ದರೆ ‘ಒನ್ ಬೆಡ್‌ರೂಮ್ ಸೂಟ್’ ಎಂದು ಬರೆದಿರುವುದನ್ನು ಹುಡುಕಿ, ಆಮೇಲೂ ಒಮ್ಮೆ ಕೇಳಿ.

‘ಕನೆಕ್ಟಿಂಗ್’ ಮತ್ತು ‘ಅಡ್ಜಾಯ್ನಿಂಗ್’ ಎರಡೂ ಒಂದೇ ಎಂದುಕೊಂಡು ತೊಂದರೆಗೆ ಸಿಕ್ಕಿದವರನ್ನು ನೋಡಿದ್ದೇನೆ. ಕನೆಕ್ಟಿಂಗ್ ಕೋಣೆಗಳ ನಡುವೆ ಒಳಗಿಂದಲೇ ತೆರೆಯುವ ಬಾಗಿಲು ಇರುತ್ತದೆ. ಅಡ್ಜಾಯ್ನಿಂಗ್ ಅಂದರೆ ಪಕ್ಕಪಕ್ಕದ ಕೋಣೆ ಮಾತ್ರ. ಒಂದರಿಂದ ಇನ್ನೊಂದಕ್ಕೆ ಹೋಗಲು ಮಧ್ಯರಾತ್ರಿಯಲ್ಲೂ ಕಾರಿಡಾರಿಗೆ ಬರಬೇಕು. ಇನ್ನೊಂದು ವಿಷಯ: ವೆಬ್‌ಸೈಟಿನಲ್ಲಿ ಕನೆಕ್ಟಿಂಗ್ ಎಂದು ಗುರುತು ಹಾಕಿದರೆ ಅದು ಎಷ್ಟೋ ಸಲ ಬರೀ ‘ಕೋರಿಕೆ’ಯಾಗಿ ದಾಖಲಾಗುತ್ತದೆ, ಖಾತ್ರಿಯಾಗಿ ಅಲ್ಲ. ಹೋಟೆಲಿಗೆ ನೇರವಾಗಿ ಬರೆದು ‘ಖಚಿತಪಡಿಸಿದ್ದೇವೆ’ ಎಂಬ ಉತ್ತರವನ್ನು ಕೈಯಲ್ಲಿ ಇಟ್ಟುಕೊಳ್ಳದೆ ಇಬ್ಬರು ಸಣ್ಣ ಮಕ್ಕಳನ್ನು ಕಟ್ಟಿಕೊಂಡು ಹೋಗಬೇಡಿ.

ಹುಡುಕುವಾಗ ಮಕ್ಕಳ ನಿಜವಾದ ವಯಸ್ಸು ಹಾಕಿ. ‘ಮಕ್ಕಳಿಗೆ ಉಚಿತ’ ಅನ್ನುವ ಸಾಲಿನಲ್ಲಿ ಮಗು ಅಂದರೆ ಎಷ್ಟು ವರ್ಷದವರೆಗೆ ಎಂಬುದು ಒಂದೊಂದು ಹೋಟೆಲಿನಲ್ಲಿ ಒಂದೊಂದು ಥರ. ಜೊತೆಗೆ, ಆ ಉಚಿತ ಎಷ್ಟೋ ಕಡೆ ‘ಇರುವ ಹಾಸಿಗೆಯಲ್ಲೇ ಮಲಗಿದರೆ’ ಎಂಬ ಷರತ್ತಿನ ಮೇಲೆ. ಅಂದರೆ ಒಂದು ಡಬಲ್ ಹಾಸಿಗೆಯಲ್ಲಿ ನಾಲ್ಕು ಜನ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವ ಗಾದೆ ಇಲ್ಲಿ ಅಕ್ಷರಶಃ ನಿಜವಾಗುತ್ತದೆ, ಕಾಲು ಚಾಚಲು ಜಾಗ ಇರುವುದು ಮಕ್ಕಳಿಗೆ ಮಾತ್ರ.

ಅಪಾರ್ಟ್‌ಮೆಂಟ್: ಬಾಗಿಲು ಸಿಗುತ್ತದೆ, ಜೊತೆಗೆ ಜವಾಬ್ದಾರಿಯೂ

ನಾಲ್ಕು ರಾತ್ರಿ ದಾಟಿದರೆ ತಕ್ಕಡಿ ಅಪಾರ್ಟ್‌ಮೆಂಟಿನ, ಅಂದರೆ ಕೆಲವು ದಿನದ ಮಟ್ಟಿಗೆ ಬಾಡಿಗೆಗೆ ಸಿಗುವ ಮನೆಯ, ಕಡೆ ವಾಲುತ್ತದೆ. ಮಲಗುವ ಕೋಣೆಗೆ ಬಾಗಿಲಿದೆ, ಹಾಲು ಕಾಯಿಸಲು ಒಲೆಯಿದೆ, ವಾಷಿಂಗ್ ಮೆಷಿನ್ ಇದೆ. ಈ ಕೊನೆಯದರ ಬೆಲೆ ಎರಡು ವರ್ಷದ ಮಗು ಇರುವವರಿಗೇ ಗೊತ್ತು. ಮೂರು ದಿನದ ಬಟ್ಟೆ ತೆಗೆದುಕೊಂಡು ಹೋಗಿ ಎಂಟು ದಿನ ಇದ್ದು ಬರಬಹುದು. ಬೆಳಿಗ್ಗೆ ಐದಕ್ಕೇ ಏಳುವ ಮಗುವನ್ನು ಎತ್ತಿಕೊಂಡು ಹೊರಗಿನ ಕೋಣೆಗೆ ಬಂದು ಕೂರಬಹುದು, ಉಳಿದವರು ಮಲಗಿರುತ್ತಾರೆ.

ಆದರೆ ಬಾಡಿಗೆ ಮನೆಗಳಲ್ಲಿ ರಾತ್ರಿ ಎಷ್ಟೇ ಇರಲಿ, ಶುಚಿ ಮಾಡುವ ಶುಲ್ಕ ಒಂದೇ ಇರುವುದು ಸಾಮಾನ್ಯ. ಎರಡು ರಾತ್ರಿಗೆ ಅದನ್ನು ಹಂಚಿದರೆ ಅಗ್ಗವಾಗಿ ಕಂಡ ಮನೆ ಹೋಟೆಲಿಗಿಂತ ದುಬಾರಿಯಾಗಬಹುದು. ಏಳು ರಾತ್ರಿಗೆ ಹಂಚಿದರೆ ಲೆಕ್ಕಕ್ಕೇ ಬರುವುದಿಲ್ಲ. ಒಂದು ರಾತ್ರಿಯ ದರವನ್ನು ಒಂದು ರಾತ್ರಿಯ ದರದ ಪಕ್ಕ ಇಡಬೇಡಿ. ಶುಚಿ ಶುಲ್ಕ, ತೆರಿಗೆ, ಎಲ್ಲರ ತಿಂಡಿ, ಬಟ್ಟೆ ಒಗೆಸುವ ಖರ್ಚು, ದಿನಾ ಓಡಾಡುವ ಟಿಕೆಟ್ಟು, ಕಾರು ಇದ್ದರೆ ಪಾರ್ಕಿಂಗ್ ಎಲ್ಲ ಸೇರಿಸಿ, ಇಡೀ ಪ್ರವಾಸದ ಮೊತ್ತವನ್ನು ಇಡೀ ಪ್ರವಾಸದ ಮೊತ್ತದ ಪಕ್ಕ ಇಟ್ಟು ನೋಡಿ.

ಕಾನೂನಿನ ಮಾತನ್ನು ಇಲ್ಲಿ ಹೇಳಲೇಬೇಕು. ಇತ್ತೀಚಿನ ವರ್ಷಗಳಲ್ಲಿ ದೊಡ್ಡ ನಗರಗಳು ಬಾಡಿಗೆ ಮನೆಗಳ ಮೇಲೆ ಬಿಗಿ ಹಿಡಿತ ತಂದಿವೆ. ನ್ಯೂಯಾರ್ಕಿನಲ್ಲಿ 2023ರ ಸೆಪ್ಟೆಂಬರಿನಿಂದ ಜಾರಿಗೆ ತಂದ ನೋಂದಣಿ ನಿಯಮದ ಪ್ರಕಾರ, 30 ದಿನಕ್ಕಿಂತ ಕಡಿಮೆ ಅವಧಿಗೆ ಕೊಡುವ ಮನೆಯಲ್ಲಿ ಮನೆಯವರೂ ಇರಬೇಕು, ಅತಿಥಿಗಳು ಇಬ್ಬರನ್ನು ಮೀರುವಂತಿಲ್ಲ. ನಾಲ್ಕು ಜನರ ಕುಟುಂಬಕ್ಕೆ ಆ ದಾರಿ ಹೆಚ್ಚುಕಡಿಮೆ ಮುಚ್ಚಿದ ಹಾಗೆ. ಜಪಾನಿನಲ್ಲಿ 2018ರ ಕಾನೂನು ಇಂಥ ಮನೆಗಳಿಗೆ ವರ್ಷಕ್ಕೆ 180 ದಿನದ ಮಿತಿ ಹಾಕಿ, ನೋಂದಣಿ ಕಡ್ಡಾಯ ಮಾಡಿತು. ಬಾರ್ಸಿಲೋನಾ 2028ರ ಹೊತ್ತಿಗೆ ಪ್ರವಾಸಿ ಅಪಾರ್ಟ್‌ಮೆಂಟುಗಳ ಪರವಾನಗಿಯನ್ನೇ ನಿಲ್ಲಿಸುವುದಾಗಿ 2024ರಲ್ಲಿ ಘೋಷಿಸಿತು. ಪರವಾನಗಿ ಇಲ್ಲದ ಮನೆ ಹೊರಡುವ ವಾರದಲ್ಲಿ ರದ್ದಾದರೆ ಒಂಟಿ ಪ್ರವಾಸಿ ಹೇಗೋ ಇನ್ನೊಂದು ಜಾಗ ಹುಡುಕಿಕೊಂಡಾನು. ಮಕ್ಕಳಿರುವವರಿಗೆ ಆ ವಾರ ಉಳಿದಿರುವುದು ಒಂದೇ ಹಾಸಿಗೆಯ ಕೋಣೆಗಳು. ಜಾಹೀರಾತಿನಲ್ಲಿ ನೋಂದಣಿ ಸಂಖ್ಯೆ ಇದೆಯೇ ನೋಡಿ, ಇಲ್ಲದಿದ್ದರೆ ಕೇಳಿ. ಉತ್ತರ ತೇಲಿಸಿದರೆ ಆ ಮನೆ ಬಿಟ್ಟು ಬೇರೆಯದನ್ನು ನೋಡಿ.

ಸುರಕ್ಷತೆಯಲ್ಲೂ ಅಷ್ಟೆ. ಹೋಟೆಲಿನಲ್ಲಿ ಹೊಗೆ ಎಚ್ಚರಿಕೆ ಗಂಟೆ, ತುರ್ತು ದಾರಿ ಇವುಗಳನ್ನು ನೋಡಿಕೊಳ್ಳಲು ಯಾರೋ ಒಬ್ಬರಿದ್ದಾರೆ. ಮನೆಯಲ್ಲಿ ಅದನ್ನು ನೋಡಬೇಕಾದವರು ನೀವು. ಗ್ಯಾಸ್ ಹೀಟರ್ ಇರುವ ಮನೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಪತ್ತೆ ಯಂತ್ರ ಇರಲೇಬೇಕು. ಆ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಬಾಲ್ಕನಿಯ ಫೋಟೋವನ್ನು ದೊಡ್ಡದು ಮಾಡಿ ಸರಳುಗಳ ನಡುವಿನ ಸಂದು ನೋಡಿ. ಹಲವು ದೇಶಗಳ ಕಟ್ಟಡ ನಿಯಮಗಳು ಆ ಸಂದು ಸುಮಾರು 10 ಸೆಂಟಿಮೀಟರ್ ಮೀರಬಾರದು ಎನ್ನುತ್ತವೆ, ಆದರೆ ನಿಯಮ ಬರುವ ಮುಂಚೆ ಕಟ್ಟಿದ ಹಳೆಯ ಮನೆಗಳೇ ಊರ ನಡುವೆ ಹೆಚ್ಚು. ಅಡ್ಡಪಟ್ಟಿಗಳಿರುವ ಕಟಕಟೆ ಮಗುವಿಗೆ ಏಣಿ. ಅಂಥ ಮನೆ ಎಷ್ಟೇ ಚೆಂದ ಇರಲಿ, ಐದು ವರ್ಷದೊಳಗಿನ ಮಕ್ಕಳಿರುವವರಿಗೆ ನಾನು ಬೇಡ ಎಂದೇ ಹೇಳುತ್ತೇನೆ.

‘ಮೂರನೇ ಮಹಡಿ’ ಎಂದಿದ್ದರೆ ಎಷ್ಟು ಮೆಟ್ಟಿಲು ಎಂದು ಕೇಳಿ. ಯುರೋಪಿನ ಬಹುತೇಕ ಕಡೆ ನೆಲಮಹಡಿಯನ್ನು ಬಿಟ್ಟು ಎಣಿಸುತ್ತಾರೆ. ಅಮೆರಿಕದಲ್ಲಿ, ಜಪಾನಿನಲ್ಲಿ ನೆಲಮಹಡಿಯೇ ಒಂದನೆಯದು. ಲಿಫ್ಟ್ ಇದ್ದರೂ ತಳ್ಳುಗಾಡಿ ಅದರೊಳಗೆ ಹಿಡಿಯುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ಹಳೆಯ ಕಟ್ಟಡಗಳಲ್ಲಿ ಆಮೇಲೆ ಕೂರಿಸಿದ ಲಿಫ್ಟುಗಳು ಇಬ್ಬರು ನಿಲ್ಲುವಷ್ಟು ಮಾತ್ರ ಇರುತ್ತವೆ.

ನಡುವಿನ ದಾರಿ

ಅಪಾರ್ಟ್‌ಹೋಟೆಲ್ ಅಥವಾ ಸರ್ವೀಸ್ ಅಪಾರ್ಟ್‌ಮೆಂಟ್ ಎಂದು ಕರೆಯುವ ಬಗೆಯನ್ನು ಜನ ಯಾಕೆ ಇಷ್ಟು ಕಡಿಮೆ ಹುಡುಕುತ್ತಾರೋ ತಿಳಿಯದು. ಸಣ್ಣ ಅಡುಗೆಮನೆ, ಬಾಗಿಲಿರುವ ಮಲಗುವ ಕೋಣೆ, ಕೆಳಗೆ ರಿಸೆಪ್ಶನ್, ಸಾಮಾನಿಡಲು ಜಾಗ. ಮೂರರಿಂದ ಆರು ರಾತ್ರಿಗೆ, ಒಂದರಿಂದ ಆರು ವರ್ಷದ ಮಕ್ಕಳಿಗೆ, ಇದು ನನ್ನ ಮೊದಲ ಆಯ್ಕೆ. ಕೊರತೆ ಇಲ್ಲದಿಲ್ಲ: ಇವು ಸಾಮಾನ್ಯವಾಗಿ ಕಚೇರಿಗಳ ಬಡಾವಣೆಯಲ್ಲೋ ರೈಲ್ವೆ ನಿಲ್ದಾಣದ ಹಿಂದೆಯೋ ಇರುತ್ತವೆ, ವಾರಾಂತ್ಯದಲ್ಲಿ ಸುತ್ತಲಿನ ಅಂಗಡಿಗಳು ಮುಚ್ಚಿರುತ್ತವೆ. ‘ಸ್ಟುಡಿಯೋ’ ಎಂದಿದ್ದರೆ ಅದು ಮತ್ತೆ ಒಂದೇ ಕೋಣೆ, ಮೂಲೆಯಲ್ಲಿ ಒಲೆ. ಅದನ್ನು ಬಿಟ್ಟುಬಿಡಿ.

ಹಾಸ್ಟೆಲ್ ಅಂದರೆ ಕಾಲೇಜು ಹುಡುಗರಿಗೆ ಎಂಬ ಭಾವನೆಯೂ ಅರ್ಧ ಮಾತ್ರ ಸರಿ. 1912ರಲ್ಲಿ ಜರ್ಮನಿಯ ಆಲ್ಟೆನಾ ಕೋಟೆಯಲ್ಲಿ ಶಾಲಾ ಶಿಕ್ಷಕ ರಿಚರ್ಡ್ ಶಿರ್‌ಮಾನ್ ಮೊದಲ ಕಾಯಂ ಯುವ ಹಾಸ್ಟೆಲ್ ತೆರೆದಿದ್ದೇ ಪಾದಯಾತ್ರೆಗೆ ಹೊರಟ ಶಾಲಾ ಮಕ್ಕಳಿಗಾಗಿ. ಇಂದು ಹಲವು ಹಾಸ್ಟೆಲುಗಳಲ್ಲಿ ನಾಲ್ಕು ಹಾಸಿಗೆಯ ಪ್ರತ್ಯೇಕ ಕುಟುಂಬ ಕೋಣೆ, ಎಲ್ಲರಿಗೂ ಸೇರಿದ ಅಡುಗೆಮನೆ, ಬಟ್ಟೆ ಒಗೆಯುವ ಯಂತ್ರ ಇರುತ್ತವೆ. ಏಳೆಂಟು ವರ್ಷ ದಾಟಿದ ಮಕ್ಕಳಿಗೆ ಅಂತಸ್ತಿನ ಹಾಸಿಗೆಯೇ ಒಂದು ಹಬ್ಬ. ಆರು ವರ್ಷದೊಳಗಿನವರನ್ನು ಮೇಲಿನ ಹಾಸಿಗೆಯಲ್ಲಿ ಮಲಗಿಸಬಾರದು ಎಂಬುದು ಮಕ್ಕಳ ತಜ್ಞರ ಸಲಹೆ, ಹಾಗಾಗಿ ಚಿಕ್ಕವರಿದ್ದರೆ ಎರಡು ಕೆಳ ಹಾಸಿಗೆ ಇರುವ ಕೋಣೆ ಕೇಳಿ. ಶುಕ್ರವಾರ, ಶನಿವಾರ ರಾತ್ರಿ ಗದ್ದಲ ಇರುತ್ತದೆ.

ಊರ ನಡುವೆ ಚಿಕ್ಕದು, ಅಂಚಿನಲ್ಲಿ ದೊಡ್ಡದು

ಹೆಚ್ಚಿನ ಮನೆಗಳಲ್ಲಿ ಚರ್ಚೆ ನಿಲ್ಲುವುದು ಇಲ್ಲೇ. ಒಂದೇ ದುಡ್ಡಿಗೆ ಊರ ನಡುವೆ ಇಕ್ಕಟ್ಟಾದ ಕೋಣೆ, ನಲವತ್ತು ನಿಮಿಷ ಆಚೆ ಎರಡು ಬೆಡ್‌ರೂಮಿನ ಮನೆ. ‘ನಲವತ್ತು ನಿಮಿಷ ತಾನೇ, ಮೆಟ್ರೋ ಇದೆಯಲ್ಲ’ ಎನ್ನುತ್ತಾರೆ.

ಲೆಕ್ಕ ಹಾಕಿ. ಬೆಳಿಗ್ಗೆ ಹೋಗಿ ರಾತ್ರಿ ಬರುವವರಿಗೆ ದಿನಕ್ಕೆ ಒಂದು ಗಂಟೆ ಇಪ್ಪತ್ತು ನಿಮಿಷ. ಮಧ್ಯಾಹ್ನ ಮಲಗುವ ಮಗು ಇದ್ದರೆ ಹೋಗಿ, ಬಂದು, ಮತ್ತೆ ಹೋಗಿ, ಮತ್ತೆ ಬರಬೇಕು: ಎರಡು ಗಂಟೆ ನಲವತ್ತು ನಿಮಿಷ. ಯಾರೂ ಹಾಗೆ ಮಾಡುವುದಿಲ್ಲ. ಮಧ್ಯಾಹ್ನದ ನಿದ್ದೆಯನ್ನು ಬಿಟ್ಟುಬಿಡುತ್ತಾರೆ. ಸಂಜೆ ಐದಕ್ಕೆ ಮಗು ರಸ್ತೆಯಲ್ಲಿ ಕೂತು ಅಳುತ್ತದೆ, ಊರಿನ ಅತ್ಯಂತ ಚೆಂದದ ಹೊತ್ತು ಅಲ್ಲಿಗೆ ಮುಗಿಯುತ್ತದೆ. ಹಾಗಾಗಿ ಮಗು ಹಗಲು ಮಲಗುವ ವಯಸ್ಸಿನದಾದರೆ ನಾನು ಕಣ್ಣು ಮುಚ್ಚಿ ಹೇಳುವುದು: ಚದರಡಿ ಬಿಟ್ಟುಕೊಡಿ, ಹತ್ತಿರವನ್ನು ಬಿಡಬೇಡಿ. ಬಾಗಿಲೂ ಬೇಕು, ಹತ್ತಿರವೂ ಬೇಕು, ದುಡ್ಡು ಸಾಲದು ಎಂದಾದರೆ ಒಂದು ರಾತ್ರಿ ಕಡಿಮೆ ಮಾಡಿ.

ನಿದ್ದೆ ಬಿಟ್ಟ, ನಡೆಯಬಲ್ಲ ಆರು ದಾಟಿದ ಮಕ್ಕಳಿದ್ದರೆ ಅಂಚಿನ ದೊಡ್ಡ ಮನೆ ತಪ್ಪಲ್ಲ. ಒಂದೇ ರೈಲು, ಬದಲಾಯಿಸುವ ಕಷ್ಟ ಇಲ್ಲದೆ ಊರೊಳಗೆ ಇಳಿಸುವಂತಿರಬೇಕು. ಎರಡು ಕಡೆ ಬದಲಾಯಿಸಬೇಕಾದ ಇಪ್ಪತ್ತೈದು ನಿಮಿಷಕ್ಕಿಂತ ಒಂದೇ ರೈಲಿನ ನಲವತ್ತು ನಿಮಿಷ ಮಕ್ಕಳಿಗೆ ಹಗುರ.

‘ಮೆಟ್ರೋಗೆ ಐದು ನಿಮಿಷ’ ಎಂದು ಓದಿದ ಕೂಡಲೇ ನೋಡಬೇಕಾದದ್ದು ಆ ನಿಲ್ದಾಣಕ್ಕೆ ಲಿಫ್ಟ್ ಇದೆಯೇ ಎಂದು. ಲಂಡನ್ನಿನ ಭೂಗತ ರೈಲು 1863ರದು, ಪ್ಯಾರಿಸ್ ಮೆಟ್ರೋ 1900ರದು, ನ್ಯೂಯಾರ್ಕಿನ ಸಬ್‌ವೇ 1904ರದು. ತಳ್ಳುಗಾಡಿಯನ್ನು ಯಾರೂ ಯೋಚಿಸದ ಕಾಲದಲ್ಲಿ ಕಟ್ಟಿದವು. ಮೆಟ್ಟಿಲು ಮಾತ್ರ ಇರುವ ನಿಲ್ದಾಣಗಳು ಅಲ್ಲಿ ಇಂದಿಗೂ ಬಹಳ. 2002ರಲ್ಲಿ ಶುರುವಾದ ದೆಹಲಿ ಮತ್ತು ಕೋಪನ್‌ಹೇಗನ್ ಮೆಟ್ರೋಗಳಲ್ಲಿ ಲಿಫ್ಟ್ ಮೊದಲಿನಿಂದಲೇ ಇದೆ. ಹಳೆಯ ಜಾಲದ ಊರಾದರೆ ಮೆಟ್ರೋಗಿಂತ ಬಸ್ಸು ಅಥವಾ ಟ್ರಾಮ್ ನಿಲ್ದಾಣದ ಹತ್ತಿರ ಇರುವುದು ಮೇಲು, ಅಥವಾ ಮಗುವನ್ನು ಬೆನ್ನಿಗೆ ಕಟ್ಟಿಕೊಳ್ಳುವ ಚೀಲ ಒಯ್ಯಿರಿ.

‘ಊರ ನಡುವೆ’ ಅಂದರೆ ಪ್ರಸಿದ್ಧ ಚೌಕದ ಮೇಲೆಯೇ ಎಂದಲ್ಲ. ಚೌಕದಲ್ಲಿ ರಾತ್ರಿ ಒಂದರವರೆಗೆ ಸದ್ದು. ಅಲ್ಲಿಂದ ಹತ್ತು ಹದಿನೈದು ನಿಮಿಷ ನಡೆದರೆ ಸಿಗುವ, ಜನ ವಾಸ ಮಾಡುವ ಬೀದಿ ಸರಿ. ನಕ್ಷೆಯಲ್ಲಿ ಒಂದು ಉದ್ಯಾನ, ಅದರಲ್ಲಿ ಆಟದ ಜಾಗ, ಪಕ್ಕದಲ್ಲಿ ದಿನಸಿ ಅಂಗಡಿ, ಔಷಧಿ ಅಂಗಡಿ ಈ ನಾಲ್ಕು ಹುಡುಕಿ, ಅವುಗಳ ಸುತ್ತ ಕೋಣೆ ಹುಡುಕಿ. ವಸ್ತುಸಂಗ್ರಹಾಲಯದಲ್ಲಿ ಎರಡು ಗಂಟೆ ಸುಮ್ಮನಿದ್ದ ಮಗುವಿಗೆ ಸಂಜೆ ಓಡಲು ಜಾಗ ಬೇಕು. ಕೋಣೆ ಒಳಂಗಳದ ಕಡೆ ಮುಖ ಮಾಡಿದ್ದರೆ ಇನ್ನೂ ಒಳ್ಳೆಯದು. ಬುಕ್ ಮಾಡುವಾಗಲೇ ಕೇಳಿ.

ವಯಸ್ಸು ಬದಲಾದ ಹಾಗೆ ಉತ್ತರವೂ ಬದಲು

ಆರು ತಿಂಗಳೊಳಗಿನ ಕೂಸಿನ ಜೊತೆ ಪ್ರವಾಸ ಜನ ಹೆದರುವಷ್ಟು ಕಷ್ಟವಲ್ಲ. ಆ ವಯಸ್ಸಿನಲ್ಲಿ ಕೂಸು ತಂದೆತಾಯಿಯ ಕೋಣೆಯಲ್ಲೇ, ಆದರೆ ಬೇರೆ ಹಾಸಿಗೆಯಲ್ಲಿ ಮಲಗಬೇಕು ಎಂಬುದೇ ಮಕ್ಕಳ ತಜ್ಞರ ಸಲಹೆ. ಹಾಗಾಗಿ ಒಂದೇ ಕೋಣೆ ಸಾಕು. ನೋಡಬೇಕಾದದ್ದು ತೊಟ್ಟಿಲು. ಹಾಸಿಗೆ ಗಟ್ಟಿಯಾಗಿ, ಮಟ್ಟಸವಾಗಿ, ಅಂಚಿನಲ್ಲಿ ಸಂದು ಬಿಡದೆ ಕೂತಿರಬೇಕು. ಒಳಗೆ ದಿಂಬು, ದಪ್ಪ ಹೊದಿಕೆ ಬೇಡ. ಮಡಚುವ ತೊಟ್ಟಿಲಿಗೆ ‘ಮೆತ್ತಗಿರಲಿ’ ಎಂದು ಇನ್ನೊಂದು ಹಾಸಿಗೆ ಹಾಕಿಕೊಟ್ಟರೆ ತೆಗೆಸಿ. ಸೋಫಾದ ಮೇಲೆ ಮಲಗಿಸುವುದಂತೂ ಬೇಡವೇ ಬೇಡ. ತೊಟ್ಟಿಲು ‘ಲಭ್ಯವಿದ್ದರೆ’ ಎಂದು ಬರೆದಿದ್ದರೆ ಇಲ್ಲ ಎಂದೇ ತಿಳಿದು, ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳಿ.

ಒಂದರಿಂದ ಆರು ವರ್ಷ: ಮೇಲೆ ಹೇಳಿದ್ದೆಲ್ಲ ಮುಖ್ಯವಾಗಿ ಇವರಿಗಾಗಿ. ಬಾಗಿಲು, ಹತ್ತಿರ.

ಏಳರಿಂದ ಹನ್ನೊಂದರವರೆಗೆ ಎಲ್ಲವೂ ಸಲೀಸು. ಈಜುಕೊಳಕ್ಕೆ ನಿಜವಾಗಿ ಬೆಲೆ ಇರುವುದು ಈ ವಯಸ್ಸಿನಲ್ಲಿ, ಮತ್ತು ಎಲ್ಲರೂ ಒಂದೇ ಕೋಣೆಯಲ್ಲಿ ಒಂದೇ ಹೊತ್ತಿಗೆ ಮಲಗಬಹುದಾದ ಕೆಲವೇ ವರ್ಷಗಳು ಇವು.

ಹದಿಹರೆಯದವರು ಬಂದರೆ ಮತ್ತೆ ಬಾಗಿಲು ಬೇಕು, ಈ ಸಲ ಅವರಿಗಾಗಿ. ಹೋಟೆಲಿನ ‘ಮಗು’ ಅನ್ನುವ ವಯಸ್ಸು ದಾಟಿರುತ್ತಾರೆ, ದೊಡ್ಡವರ ದರ ಬೀಳುತ್ತದೆ. ಎರಡು ಕನೆಕ್ಟಿಂಗ್ ಕೋಣೆ ಅಥವಾ ಎರಡು ಬಚ್ಚಲುಮನೆ ಇರುವ ಅಪಾರ್ಟ್‌ಮೆಂಟ್ ನೋಡಿ. ಅವರು ಒಬ್ಬರೇ ಕೆಳಗಿಳಿದು ಅಂಗಡಿಗೆ ಹೋಗಿ ಬರಬಹುದಾದ ಬೀದಿಯಾಗಿದ್ದರೆ, ಆ ಊರು ಅವರದೂ ಆಗುತ್ತದೆ.

ಬುಕ್ ಮಾಡುವ ಮುಂಚೆ

ನೀವು ಬೆಳಿಗ್ಗೆ ಏಳಕ್ಕೆ ಊರಿಗೆ ಇಳಿಯುತ್ತೀರಿ, ಕೋಣೆ ಸಿಗುವುದು ಮಧ್ಯಾಹ್ನ ಎರಡೋ ಮೂರೋ ಗಂಟೆಗೆ. ಆ ಏಳೆಂಟು ಗಂಟೆಯನ್ನು ಮೊದಲೇ ಯೋಚಿಸಿ. ಹೋಟೆಲಾದರೆ ಪೆಟ್ಟಿಗೆ ಇಟ್ಟು ಹೊರಡಬಹುದು. ಬಾಡಿಗೆ ಮನೆಯಾದರೆ ಪೆಟ್ಟಿಗೆ, ತಳ್ಳುಗಾಡಿ, ನಿದ್ದೆಗೆಟ್ಟ ಮಗು ಮೂರೂ ನಿಮ್ಮ ಜೊತೆ. ಮೂರು ವರ್ಷದೊಳಗಿನ ಮಗು ಇದ್ದು ರಾತ್ರಿ ಪ್ರಯಾಣ ಮಾಡಿ ಬರುವುದಾದರೆ ಹಿಂದಿನ ರಾತ್ರಿಯನ್ನೂ ಸೇರಿಸಿ ಬುಕ್ ಮಾಡಿ, ಬೆಳಿಗ್ಗೆ ಬರುವುದಾಗಿ ಹೇಳಿಡಿ. ದುಡ್ಡು ದಂಡವೆನಿಸಬಹುದು, ಮೊದಲ ದಿನ ಉಳಿಯುತ್ತದೆ. ರಾತ್ರಿ ಹತ್ತರ ಮೇಲೆ ತಲುಪುವವರು ಗೋಡೆಯ ಪೆಟ್ಟಿಗೆಯಿಂದ ಕೀಲಿ ತೆಗೆದುಕೊಳ್ಳುವ ಮನೆಯನ್ನು ಆ ಒಂದು ರಾತ್ರಿಗಾದರೂ ತಪ್ಪಿಸಿ. ಒಮ್ಮೆ ಆ ಪೆಟ್ಟಿಗೆಯ ಸಂಖ್ಯೆ ಕೆಲಸ ಮಾಡದೆ, ಮಲಗಿದ ಇಬ್ಬರನ್ನು ಹೆಗಲ ಮೇಲೆ ಹೊತ್ತು ಮುಕ್ಕಾಲು ಗಂಟೆ ಬೀದಿಯಲ್ಲಿ ನಿಂತಿದ್ದೇವೆ.

ವಿಮರ್ಶೆಗಳಲ್ಲಿ ಹೊಗಳಿಕೆ ಓದುತ್ತಾ ಕೂರಬೇಡಿ. ಹುಡುಕುವ ಜಾಗದಲ್ಲಿ ‘ಸದ್ದು’, ‘ಮೆಟ್ಟಿಲು’, ‘ಲಿಫ್ಟ್’, ‘ತೊಟ್ಟಿಲು’, ‘ಬಿಸಿನೀರು’ ಎಂದು ಹಾಕಿ, ಐದಕ್ಕೆ ಮೂರು ಕೊಟ್ಟವರ ಮಾತು ಓದಿ. ಸಿಟ್ಟಿನಲ್ಲಿ ಬರೆಯದವರು, ಸುಮ್ಮನೆ ಹೊಗಳದವರು ಇವರೇ. ರದ್ದು ಮಾಡಲು ಕೊನೆಯ ದಿನ ಯಾವುದು ಎಂಬುದನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಹೊರಡುವ ಹಿಂದಿನ ದಿನ ಜ್ವರ ಬರುವುದು ಮಕ್ಕಳ ಮನೆಯಲ್ಲಿ ಹೊಸತಲ್ಲ, ಹಾಗಾಗಿ ಸ್ವಲ್ಪ ಹೆಚ್ಚು ಕೊಟ್ಟಾದರೂ ರದ್ದು ಮಾಡಬಹುದಾದ ದರವನ್ನೇ ತೆಗೆದುಕೊಳ್ಳುತ್ತೇನೆ.

ಕೋಣೆಗೆ ಕಾಲಿಟ್ಟ ಮೊದಲ ಹತ್ತು ನಿಮಿಷ ಪೆಟ್ಟಿಗೆ ಬಿಚ್ಚಬೇಡಿ. ಒಬ್ಬರು ಮಕ್ಕಳನ್ನು ಹಿಡಿದುಕೊಂಡಿರಲಿ, ಇನ್ನೊಬ್ಬರು ನೆಲದ ಮೇಲೆ ಮಗುವಿನ ಎತ್ತರಕ್ಕೆ ಕೂತು ಸುತ್ತ ನೋಡಲಿ. ಕಿಟಕಿಯ ಪರದೆಯ ನೇತಾಡುವ ದಾರವನ್ನು ಮೇಲಕ್ಕೆ ಕಟ್ಟಿ. ಬಾಲ್ಕನಿಯ ಕುರ್ಚಿ, ಮೇಜನ್ನು ಒಳಗೆ ತನ್ನಿ. ನಲ್ಲಿಯ ಬಿಸಿನೀರಿಗೆ ನಿಮ್ಮ ಕೈ ಒಡ್ಡಿ ನೋಡಿ: ಮನೆಯ ನಲ್ಲಿಯಲ್ಲಿ 49 ಡಿಗ್ರಿ ಸೆಲ್ಸಿಯಸ್ ಮೀರಬಾರದು ಎನ್ನುತ್ತಾರೆ, 60 ಡಿಗ್ರಿಯ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮ ಸುಡುತ್ತದೆ. ನೀರು ಅಷ್ಟು ಬಿಸಿ ಇದ್ದರೆ, ಮಕ್ಕಳು ಬಚ್ಚಲುಮನೆಗೆ ಒಬ್ಬರೇ ಹೋಗದಂತೆ ಆ ಬಾಗಿಲ ಚಿಲಕವನ್ನು ಹೊರಗಿನಿಂದ ಹಾಕಿಡಿ. ಆಮೇಲೆ ಆಟಿಕೆಯ ಚೀಲ ಬಿಚ್ಚಿ, ಯಾವ ಹಾಸಿಗೆ ಯಾರದು ಎಂದು ಅವರನ್ನೇ ಆರಿಸಲು ಬಿಡಿ.